ಇಪ್ಪತ್ತೆಂಟು ಮಾತ್ರೆಗಳ ಲೆಕ್ಕ

ಮಕ್ಕಳಾಗದಂತೆ ನೋಡಿಕೊಳ್ಳುವುದಕ್ಕೆ ನಮ್ಮೂರಿನ ಹೆಂಗಸರ ಮಾತಿನಲ್ಲಿ ಎರಡೇ ಪದಗಳಿವೆ. ಒಂದು ‘ಆಪ್ರೇಷನ್’, ಇನ್ನೊಂದು ‘ವಂಕಿ’. ಆಪ್ರೇಷನ್ ಅಂದರೆ ಯಾವ ಆಪ್ರೇಷನ್ ಎಂದು ಯಾರೂ ಕೇಳುವುದಿಲ್ಲ. ಕಣ್ಣಿನದೋ ಅಪೆಂಡಿಕ್ಸ್‌ನದೋ ಆಗಿದ್ದರೆ ಮಾತ್ರ ಬಿಡಿಸಿ ಹೇಳಬೇಕು. ‘ಅವಳಿಗೆ ಎರಡನೇದಕ್ಕೇ ಆಪ್ರೇಷನ್ ಆಯ್ತು’ ಅಂದರೆ ಎಲ್ಲವೂ ಹೇಳಿದಂತಾಯಿತು. ತೋಳಿಗೆ ತೊಡುವ ಆಭರಣದ ಹೆಸರು ಕಾಪರ್-ಟಿಗೆ ಬಂದು, ‘ವಂಕಿ ಹಾಕಿಸ್ಕೊಂಡಿದೀನಿ’ ಎನ್ನುವುದೂ ಮನೆಮಾತಾಗಿದೆ. ದಿನಾ ನುಂಗುವ ಮಾತ್ರೆಗೆ ಮಾತ್ರ ಹೆಸರಿಲ್ಲ. ಅದು ‘ಆ ಮಾತ್ರೆ’. ಹೇಳುವಾಗ ದನಿ ಇಳಿಯುತ್ತದೆ.

ಹೆಸರಿಲ್ಲದಿರುವುದಕ್ಕೆ ಕಾರಣವಿದೆ, ನಮ್ಮಲ್ಲಿ ಅದರ ಬಳಕೆಯೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇಕಡ 57ರಷ್ಟು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೇ ಸಿಗದಷ್ಟು. ಇಡೀ ದೇಶದಲ್ಲಿ ಮಾತ್ರೆ ಬಳಸುವವರು ಶೇಕಡ 5ರ ಆಸುಪಾಸಿನಲ್ಲಿದ್ದಾರೆ. ಅಂದರೆ ನಮ್ಮ ಹೆಣ್ಣುಮಕ್ಕಳ ಬದುಕಿನಲ್ಲಿ ಮದುವೆ, ಒಂದು, ಎರಡು, ಆಪ್ರೇಷನ್ ಎಂಬ ಸರಣಿಯೇ ರೂಢಿ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಆದ ಮೇಲೆ ಬಾಗಿಲು ಮುಚ್ಚಿಬಿಡುವುದು. ಬಾಗಿಲನ್ನು ಸ್ವಲ್ಪ ಕಾಲ ಮುಂದೆ ಮಾಡಿಟ್ಟು, ಬೇಕಾದಾಗ ತೆರೆಯುವ ಉಪಾಯ ನಮ್ಮ ಕಲ್ಪನೆಗೆ ಅಷ್ಟಾಗಿ ಇಳಿದಿಲ್ಲ.

ಹಾಗೆಂದು ನಾವು ಹಿಂದುಳಿದವರೇನಲ್ಲ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕ ಬರೆದು ಇಂಥ ವಿಷಯವನ್ನು ಕನ್ನಡದ ನಡುಮನೆಗೆ ತಂದರು. ನನ್ನ ಸಂಶೋಧನೆ ಕನ್ನಡದ ಮಹಿಳಾ ಬರವಣಿಗೆಯ ಕುರಿತಾದ್ದರಿಂದ ಇದನ್ನೆಲ್ಲ ಓದುವುದು ನನಗೆ ದಿನದ ಕೆಲಸ. ಓದುತ್ತ ಓದುತ್ತ ಒಂದು ವಿಚಿತ್ರ ಕಾಣಿಸಿತು. ‘ಯಾಕೆ ಬೇಕು’ ಎಂದು ನಮ್ಮ ಭಾಷೆ ಎಷ್ಟೋ ವರ್ಷದಿಂದ ಹೇಳುತ್ತಲೇ ಬಂದಿದೆ. ‘ಹೇಗೆ ತೆಗೆದುಕೊಳ್ಳಬೇಕು, ಯಾರು ತೆಗೆದುಕೊಳ್ಳಬಾರದು, ಮರೆತರೇನು ಮಾಡಬೇಕು’ ಎಂಬುದು ಮಾತ್ರ ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತ ಇಂಗ್ಲಿಷ್ ಚೀಟಿಯಲ್ಲೇ ಉಳಿದುಬಿಟ್ಟಿದೆ.

ಆ ಚೀಟಿ ಕೂಡ ಸುಮ್ಮನೆ ಬಂದದ್ದಲ್ಲ. ಎನೋವಿಡ್ ಎಂಬ ಮೊದಲ ಮಾತ್ರೆಗೆ ಗರ್ಭನಿರೋಧಕವಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಅದಕ್ಕೂ ಮೊದಲು, 1956ರಿಂದ ಪೋರ್ಟೊರಿಕೊದ ಬಡ ಹೆಂಗಸರ ಮೇಲೆ ಅದರ ಪ್ರಯೋಗ ನಡೆದಿತ್ತು. ಇದು ಪ್ರಯೋಗ ಎಂಬುದನ್ನೇ ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಆ ಮಾತ್ರೆಯಲ್ಲಿ ಪ್ರೊಜೆಸ್ಟಿನ್ ಸುಮಾರು 10 ಮಿಲಿಗ್ರಾಂ, ಈಸ್ಟ್ರೋಜನ್ 0.15 ಮಿಲಿಗ್ರಾಂ ಇತ್ತು. ಇಂದು ನಮ್ಮ ಸರ್ಕಾರ ಹಂಚುವ ಮಾಲಾ-ಎನ್‌ನಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ 0.15 ಮಿಲಿಗ್ರಾಂ, ಈಥಿನೈಲ್ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ 0.03 ಮಿಲಿಗ್ರಾಂ ಮಾತ್ರ. ಅಂದಿನ ಹೆಂಗಸರು ತಲೆಸುತ್ತು, ವಾಂತಿ, ರಕ್ತ ಹೆಪ್ಪುಗಟ್ಟುವುದು ಎಲ್ಲವನ್ನೂ ಅನುಭವಿಸಿದ ಮೇಲೆ ಪ್ರಮಾಣ ಇಳಿಯಿತು. ಬಾರ್ಬರಾ ಸೀಮನ್ 1969ರಲ್ಲಿ ಪುಸ್ತಕ ಬರೆದರು. 1970ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಮಾತ್ರೆ ನುಂಗುವ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿಲ್ಲವೇಕೆ ಎಂದು ಸಭೆಯಲ್ಲಿ ಕೂತಿದ್ದ ಹೆಣ್ಣುಮಕ್ಕಳೇ ಎದ್ದು ಗದ್ದಲ ಮಾಡಿದರು. ಅಪಾಯಗಳನ್ನು ತಿಳಿಸುವ ಚೀಟಿ ಡಬ್ಬಿಯೊಳಗೆ ಇರಲೇಬೇಕು ಎಂಬ ನಿಯಮ ಬಂದದ್ದು ಆ ಗದ್ದಲದಿಂದ. ಅದನ್ನು ತಿಳಿದ ಮೇಲೆ ನಾನು ಯಾವ ಔಷಧಿಯ ಚೀಟಿಯನ್ನೂ ಓದದೆ ಎಸೆದಿಲ್ಲ.

ನಾನು ಈ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿ ಎರಡು ವರ್ಷ ಮೇಲಾಯಿತು. ಕಾರಣ ಎರಡು. ಪಿಸಿಓಎಸ್‌ನಿಂದಾಗಿ ನನ್ನ ಮುಟ್ಟು ಎಪ್ಪತ್ತು ದಿನಕ್ಕೊಮ್ಮೆ ಬಂದು, ಬಂದರೆ ಹದಿನೈದು ದಿನ ನಿಲ್ಲುತ್ತಿರಲಿಲ್ಲ. ಇದು ಮೊದಲನೆಯದು, ಯಾರ ಮುಂದೆ ಬೇಕಾದರೂ ಹೇಳಬಹುದಾದದ್ದು. ಎರಡನೆಯದು, ನನಗೊಬ್ಬ ಸಂಗಾತಿಯಿದ್ದಾನೆ, ನಮಗೀಗ ಮಗು ಬೇಡ. ಇದು ಹೇಳುವಂಥದ್ದಲ್ಲ. ಒಂದೇ ಮಾತ್ರೆ ಒಂದು ಬಾಯಲ್ಲಿ ಔಷಧಿ, ಇನ್ನೊಂದು ಬಾಯಲ್ಲಿ ಅಪವಾದ.

ಮೊದಲು ಹೋದ ಕಡೆ ವೈದ್ಯರು ತಲೆಯೆತ್ತದೆ ‘ಮದುವೆ ಆಗಿದ್ಯಾ?’ ಎಂದು ಕೇಳಿದರು. ನಮ್ಮ ಸ್ತ್ರೀರೋಗ ತಜ್ಞರ ಕೋಣೆಗಳಲ್ಲಿ ಈ ಪ್ರಶ್ನೆಗೆ ಅರ್ಥವೇ ಬೇರೆ. ಅದು ಕೇಳುವುದು ಮದುವೆಯನ್ನಲ್ಲ. ಆದರೂ ‘ಇಲ್ಲ’ ಅಂದರೆ ಮುಂದಿನ ನಾಲ್ಕು ಪ್ರಶ್ನೆಗಳು ಬಿದ್ದುಹೋಗುತ್ತವೆ. ಬಿ.ಪಿ. ನೋಡಲಿಲ್ಲ, ತಲೆನೋವಿದೆಯೇ ಎಂದು ಕೇಳಲಿಲ್ಲ, ‘ಮದ್ವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ’ ಎಂದು ಮೂರು ತಿಂಗಳ ಮಾತ್ರೆ ಬರೆದು ಕಳಿಸಿದರು. ನಾನು ಆ ಮಾತ್ರೆ ಕೊಳ್ಳದೆ ಇನ್ನೊಬ್ಬ ವೈದ್ಯೆಯ ಬಳಿ ಹೋದೆ. ಅವರು ಮೊದಲು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಸುತ್ತುತ್ತಲೇ ಕೇಳಿದರು: ಸಿಗರೇಟು ಸೇದ್ತೀಯಾ? ಮನೇಲಿ ಯಾರಿಗಾದ್ರೂ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ತಲೆನೋವು ಬರೋ ಮುಂಚೆ ಕಣ್ಣಮುಂದೆ ಅಂಕುಡೊಂಕು ಬೆಳಕು ಕಾಣುತ್ತಾ? ಯಾವುದಾದ್ರೂ ಮಾತ್ರೆ ದಿನಾ ತಗೋತಿದೀಯಾ? ಕೊನೆಗೆ, ‘ಗರ್ಭ ನಿಲ್ಲಬಾರದು ಅನ್ನೋದೂ ಇದೆಯಾ? ಇದ್ರೆ ಹೇಳಮ್ಮ, ಆಗ ಮರೆತರೆ ಏನ್ ಮಾಡ್ಬೇಕು ಅಂತ ಹೇಳ್ಕೊಡ್ತೀನಿ.’ ಇಷ್ಟು ಸಲೀಸಾಗಿ ಯಾರೂ ನನ್ನನ್ನು ಅದುವರೆಗೆ ಕೇಳಿರಲಿಲ್ಲ.

ಅವರು ಕೇಳಿದ ಒಂದೊಂದು ಪ್ರಶ್ನೆಯ ಹಿಂದೆಯೂ ಒಂದು ಕಾರಣವಿದೆ. ಈಸ್ಟ್ರೋಜನ್ ರಕ್ತವನ್ನು ಸ್ವಲ್ಪ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗಾದರೆ, ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ ನುಂಗುವವರಲ್ಲಿ 5ರಿಂದ 7, ಡ್ರೊಸ್ಪೈರಿನೋನ್, ಡೆಸೊಜೆಸ್ಟ್ರೆಲ್ ಇರುವ ಮಾತ್ರೆಗಳಲ್ಲಿ 9ರಿಂದ 12. ಆರೋಗ್ಯವಂತ ಹೆಣ್ಣಿಗೆ ಇದು ಸಣ್ಣ ಅಪಾಯ, ಬಸಿರು ಬಾಣಂತನದಲ್ಲಿ ಇದಕ್ಕಿಂತ ಹೆಚ್ಚಿರುತ್ತದೆ. ಆದರೆ ಬಿ.ಪಿ. ಇರುವವರಿಗೆ, 35 ದಾಟಿ ಸಿಗರೇಟು ಸೇದುವವರಿಗೆ, ಹಿಂದೆ ಹೆಪ್ಪುಗಟ್ಟಿದ್ದವರಿಗೆ, ಹೃದ್ರೋಗ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್, ತೀವ್ರವಾದ ಯಕೃತ್ತಿನ ಕಾಯಿಲೆ ಇದ್ದವರಿಗೆ ಈ ಮಾತ್ರೆ ಸಲ್ಲದು. ಹೆತ್ತು ಆರು ವಾರವಾಗದ, ಹಾಲೂಡಿಸುವ ಬಾಣಂತಿಯರು ಮುಟ್ಟಲೇಬಾರದು. ಆರು ತಿಂಗಳವರೆಗೂ ಅವರಿಗೆ ಬೇರೆ ಉಪಾಯಗಳೇ ಲೇಸು. ನಮ್ಮ ಹಾಸ್ಟೆಲಿನ ಜೂನಿಯರ್ ಒಬ್ಬಳಿಗೆ ಮೊಡವೆಗೆಂದು ಇದೇ ಜಾತಿಯ ಮಾತ್ರೆ ಕೊಟ್ಟಿದ್ದರು. ಅವಳಿಗೆ ಅರೆತಲೆನೋವು, ಬರುವ ಮುನ್ನ ಅರ್ಧ ಗಂಟೆ ಕಣ್ಣಲ್ಲಿ ಮಿಂಚಿನ ಗೆರೆ. ಅಂಥವರಿಗೆ ಈಸ್ಟ್ರೋಜನ್ ಕೊಟ್ಟರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಅವಳನ್ನು ಆ ವೈದ್ಯೆಯ ಬಳಿಗೆ ಕರೆದುಕೊಂಡು ಹೋದೆ, ಅಂದೇ ಮಾತ್ರೆ ನಿಲ್ಲಿಸಿದರು. ಮೊಡವೆಗೆ ಮಾತ್ರೆ ಬರೆದವರು ತಲೆನೋವಿನ ಸುದ್ದಿಯನ್ನೇ ಎತ್ತಿರಲಿಲ್ಲ.

ಇನ್ನು ಮಾತ್ರೆಯ ಕೆಲಸ. ಎರಡು ಹಾರ್ಮೋನುಗಳು ಸೇರಿ, ಅಂಡಾಶಯಕ್ಕೆ ಮೆದುಳಿನ ಬುಡದಿಂದ ಹೋಗುವ ಸಂದೇಶವನ್ನು ತಗ್ಗಿಸುತ್ತವೆ. ಸಂದೇಶ ಬಾರದಿದ್ದರೆ ಅಂಡಾಶಯ ಸುಮ್ಮನಿರುತ್ತದೆ, ಅಂಡ ಬಿಡುಗಡೆಯಾಗುವುದಿಲ್ಲ. ಗರ್ಭಕೊರಳಿನ ಲೋಳೆಯೂ ಗಟ್ಟಿಯಾಗುತ್ತದೆ. ಮಾಲಾ-ಎನ್‌ನ ಹಾಳೆಯಲ್ಲಿ 28 ಮಾತ್ರೆಗಳು. 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಈ ಏಳು ದಿನಗಳಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಅದು ನಿಜವಾದ ಮುಟ್ಟಲ್ಲ, ಹಾರ್ಮೋನು ನಿಂತದ್ದರಿಂದ ಬರುವ ಸ್ರಾವ. ಏಳು ಮಾತ್ರೆಗಳು ದಿನಾ ನುಂಗುವ ರೂಢಿ ತಪ್ಪದಿರಲಿ, ರಕ್ತಹೀನತೆಗೂ ಆಗಲಿ ಎಂದು ಇಟ್ಟಿರುವಂಥವು. 21 ಮಾತ್ರೆಗಳಷ್ಟೇ ಇರುವ ಹಾಳೆಯೂ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಏಳು ದಿನ ಬಿಡುವನ್ನು ನಾವೇ ಎಣಿಸಬೇಕು.

ಮುಟ್ಟಾದ ಮೊದಲ ಐದು ದಿನಗಳೊಳಗೆ ಶುರುಮಾಡಿದರೆ ಅಂದಿನಿಂದಲೇ ರಕ್ಷಣೆ. ಬೇರೆ ದಿನ ಶುರುಮಾಡಿದರೆ, ಬಸಿರಿಲ್ಲವೆಂದು ಖಚಿತ ಮಾಡಿಕೊಂಡು, ಮೊದಲ ಏಳು ದಿನ ಕಾಂಡೋಮ್ ಕೂಡ ಬೇಕು. ದಿನಾ ಒಂದೇ ಹೊತ್ತಿಗೆ. ನಾನು ರಾತ್ರಿ ಊಟವಾದ ಮೇಲೆ ನುಂಗುತ್ತೇನೆ, ಹೊಟ್ಟೆ ತೊಳಸುವುದು ಕಡಿಮೆ. ಮೊದಲ ಮೂರು ತಿಂಗಳು ನಡುನಡುವೆ ಕಲೆ ಕಾಣಿಸಿಕೊಳ್ಳುವುದು, ಎದೆ ಬಿಗಿಯುವುದು ಸಾಮಾನ್ಯ. ಹೆದರಿ ಅರ್ಧಕ್ಕೆ ಬಿಡುವವರೇ ಹೆಚ್ಚು.

ಒಂದು ಮಾತ್ರೆ ಮರೆತರೆ ನೆನಪಾದ ತಕ್ಷಣ ತೆಗೆದುಕೊಳ್ಳುವುದು, ಅಂದಿನದನ್ನು ಅಂದಿನ ಹೊತ್ತಿಗೇ ನುಂಗುವುದು. ಒಂದೇ ದಿನ ಎರಡಾದರೂ ಚಿಂತೆಯಿಲ್ಲ. ಎರಡು ಅಥವಾ ಹೆಚ್ಚು ಮರೆತರೆ, ಕೊನೆಗೆ ಮರೆತದ್ದೊಂದನ್ನು ತಕ್ಷಣ ನುಂಗಿ, ಹಿಂದಿನವನ್ನು ಬಿಟ್ಟು, ಉಳಿದದ್ದನ್ನು ಕ್ರಮವಾಗಿ ಮುಂದುವರಿಸಿ, ಏಳು ದಿನ ಕಾಂಡೋಮ್ ಬಳಸಬೇಕು. ಹೀಗೆ ಮರೆತದ್ದು ಹಾರ್ಮೋನಿನ ಕೊನೆಯ ವಾರದಲ್ಲಾದರೆ ಬಿಡುವು ಬೇಡ, ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ಹೊಸ ಹಾಳೆಗೆ ಹೋಗಬೇಕು. ಮೊದಲ ವಾರದಲ್ಲಿ ಮರೆತು ಸಂಭೋಗವೂ ಆಗಿದ್ದರೆ ತುರ್ತು ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಕಬ್ಬಿಣದ ಮಾತ್ರೆ ಮರೆತರೆ ನಷ್ಟವೇನಿಲ್ಲ. ಮಾತ್ರೆ ನುಂಗಿ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು.

ಇದರಲ್ಲಿ ನನಗೆ ಅನಿರೀಕ್ಷಿತವಾಗಿ ಕಂಡದ್ದು, ಅತಿ ಅಪಾಯದ ಮರೆವು ಹಾಳೆಯ ನಡುವಿನದ್ದಲ್ಲ, ಹೊಸ ಹಾಳೆಯ ಮೊದಲ ಮಾತ್ರೆಯದು ಎಂಬುದು. ಏಳು ದಿನದ ಬಿಡುವಿನಲ್ಲಿ ಅಂಡಾಶಯ ಮೆಲ್ಲನೆ ಎಚ್ಚರವಾಗುತ್ತಿರುತ್ತದೆ. ಬಿಡುವು ಒಂಬತ್ತು ಹತ್ತು ದಿನಕ್ಕೆ ಬೆಳೆದರೆ ಅದು ಎದ್ದು ಕೂರುತ್ತದೆ. ತಿಂಗಳ ಕೊನೆಗೆ ಅಂಗಡಿಗೆ ಹೋಗುವುದು ತಡವಾಯಿತು, ಆಶಾ ಕಾರ್ಯಕರ್ತೆ ಈ ವಾರ ಬರಲಿಲ್ಲ ಎಂಬ ಸಣ್ಣ ಕಾರಣಗಳೇ ಇಲ್ಲಿ ದೊಡ್ಡವಾಗುತ್ತವೆ. ಒಂದೂ ತಪ್ಪದೆ ನುಂಗಿದರೆ ವರ್ಷದಲ್ಲಿ ಸಾವಿರಕ್ಕೆ ಮೂವರು ಬಸಿರಾಗಬಹುದು, ನಿತ್ಯದ ಬದುಕಿನ ಮರೆವುಗಳೊಂದಿಗೆ ನೂರಕ್ಕೆ ಏಳು. ಇವೆರಡರ ನಡುವಿನ ಅಂತರ ಹೆಚ್ಚುಕಡಿಮೆ ನಮ್ಮ ಬದುಕಿನದೇ. ಅದಕ್ಕೇ ನನ್ನ ಕಪಾಟಿನಲ್ಲಿ ಯಾವಾಗಲೂ ಒಂದು ಹಾಳೆ ಹೆಚ್ಚಿಗೆ ಇರುತ್ತದೆ.

ಹಾಸ್ಟೆಲಿನಲ್ಲಿ ಮೂರು ಬೇರೆಬೇರೆ ಮಾತ್ರೆಗಳನ್ನು ಒಂದೇ ಎಂದುಕೊಂಡವರು ಬಹಳ. ಹಬ್ಬಕ್ಕೆ, ಗೃಹಪ್ರವೇಶಕ್ಕೆ, ಅಕ್ಕನ ಮದುವೆಗೆ ಮುಟ್ಟು ಮುಂದೂಡುವ ಮಾತ್ರೆಯಲ್ಲಿ ಇರುವುದು ನಾರೆಥಿಸ್ಟೆರೋನ್. ಹಾಗೆ ನಾಲ್ಕಾರು ದಿನ ನುಂಗುವುದು ಗರ್ಭನಿರೋಧಕವಲ್ಲ. ಹೆಪ್ಪುಗಟ್ಟುವ ತೊಂದರೆ ಇದ್ದವರು ಅದನ್ನೂ ಕೇಳದೆ ನುಂಗಬಾರದು. ಸಂಭೋಗವಾದ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ ಒಂದು ಸಲದ ಉಪಾಯ, ತಿಂಗಳಿಗೆ ನಾಲ್ಕು ಸಲದ್ದಲ್ಲ. ದಿನನಿತ್ಯದ್ದು ಈ ಸಂಯುಕ್ತ ಮಾತ್ರೆ. ಇವುಗಳಲ್ಲಿ ಒಂದೂ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ‘ಬಹಳ ವರ್ಷ ತಗೊಂಡ್ರೆ ಬಂಜೆ ಆಗ್ತಾರೆ’, ‘ನಡುವೆ ಆರು ತಿಂಗಳು ಬಿಡುವು ಕೊಡ್ಬೇಕು’ ಎಂಬ ಎರಡು ಮಾತು ಎಲ್ಲ ಕೋಣೆಗಳಲ್ಲೂ ಕೇಳಿದ್ದೇನೆ. ಎರಡೂ ಸುಳ್ಳು. ಬಿಟ್ಟ ಮೇಲೆ ಬಸಿರಾಗುವ ಶಕ್ತಿ ಮರಳುತ್ತದೆ. ಬಿಡುವು ಕೊಟ್ಟು ಮತ್ತೆ ಶುರುಮಾಡಿದಾಗಲೇ ಹೆಪ್ಪುಗಟ್ಟುವ ಅಪಾಯ ಮತ್ತೆ ಏರುತ್ತದೆ.

ಇಷ್ಟೆಲ್ಲ ಓದಿದ್ದು ನನಗಾಗಿ. ಅದು ಕೆಲಸಕ್ಕೆ ಬಂದದ್ದು ನಮ್ಮ ಅತ್ತಿಗೆಗೆ.

ಅತ್ತಿಗೆಗೆ 31 ವರ್ಷ, ನಾಲ್ಕು ವರ್ಷದ ಮಗಳು. ‘ಇನ್ನೊಂದು ಬೇಕು, ಆದ್ರೆ ಇವಳು ಸ್ಕೂಲಿಗೆ ಸೇರ್ಲಿ’ ಎಂದು ಮನೆಯಲ್ಲಿ ಹಟ ಹಿಡಿದು, ಆಶಾ ಕಾರ್ಯಕರ್ತೆಯ ಕೈಯಿಂದ ಮಾಲಾ-ಎನ್ ಪಡೆದು ನುಂಗುತ್ತಿದ್ದರು. ಹೋದ ವರ್ಷ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆಯಲ್ಲಿ ಕ್ಷಯ ಎಂದು ಗೊತ್ತಾಗಿ ಆರು ತಿಂಗಳ ಚಿಕಿತ್ಸೆ ಶುರುವಾಯಿತು. ಒಂದೂವರೆ ತಿಂಗಳಾದ ಮೇಲೆ ಒಂದು ರಾತ್ರಿ ಫೋನ್ ಮಾಡಿದರು. ‘ಆ ಮಾತ್ರೆ ಒಂದಿನಾನೂ ಬಿಟ್ಟಿಲ್ಲ ಕಣೆ. ಆದ್ರೂ ನಡುನಡುವೆ ಕಾಣಿಸ್ಕೊಳ್ತಿದೆ. ನಿಮ್ಮಣ್ಣನ ಹತ್ರ ಹೇಳಕ್ಕಾಗಲ್ಲ. ಟಿಬಿ ಮಾತ್ರೆಯಿಂದ ಉಚ್ಚೆ ಬೇರೆ ಕೆಂಪಗೆ ಹೋಗುತ್ತೆ, ಯಾವುದು ಯಾವುದರಿಂದ ಅಂತಾನೇ ಗೊತ್ತಾಗ್ತಿಲ್ಲ.’

ಕೆಂಪು ಎಂದ ತಕ್ಷಣ ಚೀಟಿಯಲ್ಲಿ ಓದಿದ್ದ ಹೆಸರು ನೆನಪಾಯಿತು: ರಿಫಾಂಪಿಸಿನ್. ಕ್ಷಯದ ಚಿಕಿತ್ಸೆಯ ಮುಖ್ಯ ಔಷಧಿ. ಮೂತ್ರಕ್ಕೆ ಕಿತ್ತಳೆ ಕೆಂಪು ಬಣ್ಣ ಬರುವುದು ಅದರಿಂದಲೇ, ಅದಕ್ಕೆ ಭಯಪಡಬೇಕಿಲ್ಲ. ಆದರೆ ಅದು ಯಕೃತ್ತಿನ ಕಿಣ್ವಗಳನ್ನು ಚುರುಕಾಗಿಸುತ್ತದೆ, ಆ ಕಿಣ್ವಗಳು ಗರ್ಭನಿರೋಧಕ ಹಾರ್ಮೋನುಗಳನ್ನು ಬೇಗಬೇಗ ಒಡೆದುಹಾಕುತ್ತವೆ. ಅತ್ತಿಗೆ ಒಂದು ದಿನವೂ ತಪ್ಪಿಸಿರಲಿಲ್ಲ, ಆದರೂ ಮೈಯಲ್ಲಿ ಬೇಕಾದಷ್ಟು ಹಾರ್ಮೋನು ನಿಲ್ಲುತ್ತಿರಲಿಲ್ಲ. ನಡುನಡುವೆ ಕಾಣುತ್ತಿದ್ದ ರಕ್ತ ಅದರ ಸೂಚನೆಯಾಗಿರಬಹುದಿತ್ತು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್, ಎಚ್‌ಐವಿಯ ಕೆಲವು ಔಷಧಿಗಳೂ ಹೀಗೇ ಮಾಡುತ್ತವೆ. ನೆಗಡಿ ಕೆಮ್ಮಿಗೆ ಕೊಡುವ ಮಾಮೂಲಿ ಆಂಟಿಬಯಾಟಿಕ್‌ಗಳಲ್ಲ.

‘ಟಿಬಿ ಮಾತ್ರೆ ಕೊಡೋವಾಗ ಕೇಳಿದ್ರಾ ಅತ್ತಿಗೆ, ಬೇರೆ ಏನಾದ್ರೂ ತಗೋತಿದೀರಾ ಅಂತ?’

‘ಕೇಳಿದ್ರು. ಸುತ್ತ ಅಷ್ಟು ಜನ ಗಂಡಸ್ರು ನಿಂತಿದ್ರು. ಏನೂ ಇಲ್ಲ ಅಂದೆ.’

ಈ ಉತ್ತರವನ್ನು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಕೇಳಿದವರು ಕೇಳಿದ್ದು ಸರಿ, ಅತ್ತಿಗೆ ಹೇಳಲಾಗದ್ದೂ ಸಹಜ. ನಡುವೆ ಒಂದು ಪರದೆ ಇದ್ದಿದ್ದರೆ, ಕಡೇಪಕ್ಷ ಮಾತ್ರೆಗೊಂದು ನಾಚಿಕೆಯಿಲ್ಲದ ಹೆಸರಿದ್ದಿದ್ದರೆ ಸಾಕಿತ್ತು.

ಮರುದಿನ ನನ್ನ ವೈದ್ಯೆಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಅತ್ತಿಗೆಗೆ ದಾಟಿಸಿದೆ. ಟಿಬಿ ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸಬಾರದು. ಬಸಿರಿನ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಕಾಂಡೋಮ್. ಆಮೇಲೆ ವಂಕಿ, ಇಲ್ಲವೇ ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರ’ ಚುಚ್ಚುಮದ್ದು. ಎರಡಕ್ಕೂ ರಿಫಾಂಪಿಸಿನ್ ಅಡ್ಡಬರುವುದಿಲ್ಲ. ಮತ್ತೆ ಮಾತ್ರೆಗೇ ಬರಬೇಕೆಂದರೆ ಚಿಕಿತ್ಸೆ ಮುಗಿದು ನಾಲ್ಕು ವಾರ ಕಳೆಯಬೇಕು. ನಾನು ಊರಿಗೆ ಹೋದೆ. ಅಣ್ಣ, ‘ಇದೆಲ್ಲ ನಿಂಗ್ಯಾಕೆ’ ಎಂದು ಒಮ್ಮೆ ಗೊಣಗಿ, ಆಮೇಲೆ ತಾನೇ ಬೈಕು ತೆಗೆದ. ಪರೀಕ್ಷೆಯ ಕಡ್ಡಿಯಲ್ಲಿ ಒಂದೇ ಗೆರೆ ಬಂದದ್ದನ್ನು ನೋಡಿ ಅತ್ತಿಗೆ ಬಚ್ಚಲ ಬಾಗಿಲಲ್ಲೇ ಕೂತು ಅತ್ತರು. ‘ನಿಂತಿದ್ರೆ ಈ ಮೈಯಲ್ಲಿ ಏನ್ ಹೊರಕ್ಕಾಗ್ತಿತ್ತು ಹೇಳು’ ಎಂದರು. ಚಿಕಿತ್ಸೆಯಲ್ಲಿ ಅವರು ಆರು ಕೆಜಿ ಇಳಿದಿದ್ದರು.

ಆ ವಾರವೇ ವಂಕಿ ಹಾಕಿಸಿಕೊಂಡರು. ಬೇಡವೆನಿಸಿದಾಗ ತೆಗೆಸಬಹುದು ಎಂಬುದನ್ನು ನರ್ಸ್ ಬಾಯಿಂದ ಎರಡು ಸಲ ಹೇಳಿಸಿಕೊಂಡ ಮೇಲೆಯೇ ಒಪ್ಪಿದ್ದು.

ಹೊರಡುವ ಮುನ್ನ ನಾನು ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಯಾವಾಗ ಶುರುಮಾಡಬೇಕು, ಒಂದು ಮರೆತರೆ, ಎರಡು ಮರೆತರೆ, ಯಾರು ನುಂಗಬಾರದು, ಯಾವ ಔಷಧಿಯ ಜೊತೆ ಆಗದು. ಕೆಳಗೆ, ದಪ್ಪ ಅಕ್ಷರದಲ್ಲಿ: ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು, ಉಸಿರುಗಟ್ಟುವುದು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಹೊಟ್ಟೆಯಲ್ಲಿ ತೀವ್ರ ನೋವು, ಇವುಗಳಲ್ಲಿ ಯಾವುದೊಂದು ಬಂದರೂ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ.

ಅತ್ತಿಗೆಗೆ ಸದ್ಯಕ್ಕೆ ಅದು ಬೇಕಿರಲಿಲ್ಲ. ಆದರೂ ಅಕ್ಕಿಡಬ್ಬದ ಮೇಲಿನ ಗೋಡೆಗೆ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ತಿಂಗಳ ನಂತರ ಆಶಾ ಕಾರ್ಯಕರ್ತೆ ಅದನ್ನು ನೋಡಿ ಫೋಟೊ ತೆಗೆದುಕೊಂಡು, ನನಗೆ ಫೋನ್ ಮಾಡಿದರು. ‘ಮೇಡಂ, ಚೆನ್ನಾಗಿ ಬರ್ದಿದೀರ. ಆದ್ರೆ ಬಿ.ಪಿ. ವಿಷ್ಯ ಆರನೇ ಸಾಲಿಗೆ ಹಾಕಿದೀರಲ್ಲ, ನಮ್ಮೋರು ಅಷ್ಟು ದೂರ ಓದಲ್ಲ. ಅದನ್ನ ಮೊದಲನೇ ಸಾಲಿಗೆ ತನ್ನಿ. ಆಮೇಲೆ ಮೇಲ್ಗಡೆ ಮಾಲಾ ಅಂತ ದೊಡ್ಡದಾಗಿ ಬರೀರಿ. ಹೆಸ್ರು ಇದ್ರೆ ಕೇಳೋಕೆ ಸುಲಭ.’

ಅವರು ಹೇಳಿದಂತೆ ತಿದ್ದಿ ಕಳಿಸಿದೆ. ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿದರಂತೆ. ಪ್ರಬಂಧದ ಮೂರನೇ ಅಧ್ಯಾಯವನ್ನು ನನ್ನ ಮಾರ್ಗದರ್ಶಕರು ಇನ್ನೂ ಓದಿಲ್ಲ. ಈ ಒಂದು ಹಾಳೆಗೆ ಆಗಲೇ ಇಪ್ಪತ್ತು ಓದುಗರಿದ್ದಾರೆ.